ಗರಿಯ ಮೇಲಿನ ಅಕ್ಷರಕ್ಕೆ ಹೊಣೆ ಯಾರು?

ವಿಜಯಪುರ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕದಲ್ಲಿ, ಅರಿವೆಯಲ್ಲಿ ಸುತ್ತಿಟ್ಟ ತಾಡೋಲೆಯ ಕಟ್ಟು ಇರುತ್ತಿತ್ತು. ಹಬ್ಬ ಬಂದರೆ ಅದಕ್ಕೂ ಹೂವು, ಪತ್ರಿ, ಊದಿನಕಡ್ಡಿ. ಅದನ್ನು ಬಿಚ್ಚಿ ಓದುವವರು ಮಾತ್ರ ಮನೆಯಲ್ಲಿ ಉಳಿದಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜಯಪುರದ ವಕೀಲ ಫ. ಗು. ಹಳಕಟ್ಟಿ ಇಂಥ ಕಟ್ಟುಗಳನ್ನು ಹುಡುಕಿಕೊಂಡು ಊರೂರು ಅಲೆದರು. ಪೂಜೆಯ ವಸ್ತುವನ್ನು ಮನೆಯವರಿಂದ ಬೇಡಿ ಪಡೆಯುವುದು ಒಂದು ಕಷ್ಟ, ಪಡೆದದ್ದನ್ನು ಓದುವುದು ಅದಕ್ಕಿಂತ ದೊಡ್ಡ ಕಷ್ಟ. 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಅವರು ವಿಜಯಪುರದಲ್ಲೇ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಇವತ್ತು ಬಸವನ ಬಾಗೇವಾಡಿಯ ಶಾಲೆಯ ಹುಡುಗಿಯೊಬ್ಬಳು ಬಸವಣ್ಣನ ವಚನವನ್ನು ತಡವರಿಸದೆ ಹೇಳುತ್ತಾಳೆಂದರೆ, ಆ ಗರಿಗಳ ಮುಂದೆ ಕೂತು ಕಣ್ಣು ಸವೆಸಿಕೊಂಡವರ ಋಣ ಅವಳ ಬಾಯಲ್ಲಿದೆ.

ಈಗ ಆ ಕೆಲಸಕ್ಕೆ ಯಂತ್ರ ಬಂದಿದೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ‘ಜ್ಞಾನ ಭಾರತಂ’ ಯೋಜನೆ ದೇಶದ 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಸಮೀಕ್ಷೆ ಮಾಡಿ, ದಾಖಲಿಸಿ, ಕಾಪಾಡುವ ಗುರಿ ಹೊತ್ತಿದೆ. ಅಷ್ಟೊಂದು ಗರಿ, ಕಾಗದ, ಕಡತಗಳನ್ನು ಬರೀ ಮನುಷ್ಯರ ಕಣ್ಣಿನಿಂದ ಓದಿ ಮುಗಿಸುವುದು ಆಗದ ಮಾತು. ಹಾಗಾಗಿ ಕಷ್ಟದ ಕೈಬರಹವನ್ನು ತಂತ್ರಾಂಶ ಮನುಷ್ಯನಷ್ಟು ಚೆನ್ನಾಗಿ ಓದಬಲ್ಲದೆ ಎಂಬ ಪ್ರಶ್ನೆ ಎಲ್ಲ ಕಡೆ ಎದ್ದಿದೆ. ಕಿರಾಣಿ ಅಂಗಡಿಯ ಉದ್ರಿ ವಹಿಗೆ ಆ ಪ್ರಶ್ನೆಯೊಂದೇ ಸಾಕು. ವಚನದ ಕಟ್ಟಿಗೆ ಸಾಲದು. ಜನ ತಮ್ಮ ನಡೆಗೆ ಆಧಾರವೆಂದು ನಂಬಿದ ಮಾತಿನಲ್ಲಿ ಒಂದು ಅಕ್ಷರ ತಪ್ಪಾಗಿ ಓದಿದರೆ ಅದಕ್ಕೆ ಉತ್ತರ ಕೊಡುವವರು ಯಾರು?

ತಾಡೋಲೆಯ ಕನ್ನಡ ಏಕೆ ಕಷ್ಟವೆಂದರೆ, ಅಲ್ಲಿ ಬರೆದದ್ದಕ್ಕಿಂತ ಓದುಗನಿಗೆ ಬಿಟ್ಟದ್ದೇ ಹೆಚ್ಚು. ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ, ಇಂದಿನ ವಿರಾಮ ಚಿಹ್ನೆಗಳಿಲ್ಲ. ಗದ್ಯವಾಗಲಿ ಪದ್ಯವಾಗಲಿ ಗರಿಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಓಟ, ನಡುವೆ ದಾರ ಪೋಣಿಸುವ ತೂತಿಗಷ್ಟೇ ಜಾಗ. ಕಂಟದಿಂದ ಗೀರಿ, ಮೇಲೆ ಕಾಡಿಗೆ ತಿಕ್ಕಿ ಒರೆಸಿದಾಗ ಗೀರಿನೊಳಗೆ ಉಳಿದ ಕಪ್ಪೇ ಅಕ್ಷರ. ಕಪ್ಪು ಹಾರಿದರೆ ಬೆಳಕಿಗೆ ಓರೆ ಹಿಡಿದು ಗೀರನ್ನೇ ಓದಬೇಕು. ಎ–ಏ, ಒ–ಓ ಎಂಬ ಹ್ರಸ್ವ ದೀರ್ಘಗಳನ್ನು ಹಳೆಯ ಲಿಪಿಕಾರರು ಬಹುಮಟ್ಟಿಗೆ ಬೇರೆ ಮಾಡಿ ತೋರಿಸುತ್ತಿರಲಿಲ್ಲ. ಮಹಾಪ್ರಾಣಕ್ಕೆ ಹೊಟ್ಟೆ ಸೀಳುವುದು ಅವರವರ ರೂಢಿಗೆ ಬಿಟ್ಟದ್ದು. ‘ಬಸವಣ್ಣ’ ಎಂಬುದನ್ನು ‘ಬಸವಂಣ’ ಎಂದು ಬರೆಯುವುದು ವಾಡಿಕೆಯಾಗಿದ್ದರಿಂದ ಸೊನ್ನೆ ಕಂಡಲ್ಲೆಲ್ಲ ಅದು ಅನುಸ್ವಾರವೇ ಎಂದು ಹೇಳುವಂತಿಲ್ಲ. ಒತ್ತಕ್ಷರದ ಗುರುತೂ ಆಗಿರಬಹುದು. ಇದರ ಮೇಲೆ ಹುಳು ತಿಂದ ತೂತು, ಮುರಿದ ಅಂಚು, ಒಂದಕ್ಕೊಂದು ಅಂಟಿದ ಗರಿಗಳು.

ಗರಿಯ ಮೇಲೆ ‘ಹೊಗು’ ಎಂದು ಕಂಡರೆ ಅದು ಒಳಗೆ ಹೊಗುವುದೋ, ಬಿಟ್ಟು ಹೋಗುವುದೋ? ‘ಅವನಲ್ಲಿ’ ಎಂದಿದ್ದರೆ ಅವನೊಳಗೆ ಎಂದೋ, ಅವನು ಅಲ್ಲಿ ಎಂದೋ? ದಿನನಿತ್ಯದ ಮಾತಿನಲ್ಲಾದರೆ ಸಂದರ್ಭವೇ ಹೇಳಿಬಿಡುತ್ತದೆ. ದೇವರು ದೇಹದೊಳಗೋ ಗುಡಿಯೊಳಗೋ ಎಂದು ತರ್ಕಿಸುವ ವಚನದಲ್ಲಿ ಈ ಸಣ್ಣ ಆಯ್ಕೆಗೆ ಇಡೀ ಮಾತಿನ ದಿಕ್ಕು ಬದಲಾಗುತ್ತದೆ.

ಯಂತ್ರಗಳು ಕೈಬರಹ ಓದಲು ಕಲಿತದ್ದು ಬ್ಯಾಂಕಿನ ಚೆಕ್ಕು, ಅಂಚೆಯ ಲಕೋಟೆಗಳಿಂದ. ಅಮೆರಿಕದ ಅಂಚೆ ಇಲಾಖೆ 1990ರ ದಶಕದಲ್ಲಿ ಯಂತ್ರಕ್ಕೆ ತಿಳಿಯದ ವಿಳಾಸಗಳ ಚಿತ್ರಗಳನ್ನು ದೂರದ ಕೇಂದ್ರಗಳಿಗೆ ಕಳಿಸಿ ಅಲ್ಲಿನ ನೌಕರರಿಂದ ಓದಿಸುತ್ತಿತ್ತು. ಒಂದು ಕಾಲಕ್ಕೆ ಅಂಥ ಕೇಂದ್ರಗಳು 55 ಇದ್ದವು. ಯಂತ್ರ ಕಲಿಯುತ್ತ ಹೋದಂತೆ ಒಂದೊಂದೇ ಮುಚ್ಚಿ, 2013ರ ಹೊತ್ತಿಗೆ ಸಾಲ್ಟ್ ಲೇಕ್ ಸಿಟಿಯ ಒಂದು ಕೇಂದ್ರ ಮಾತ್ರ ಉಳಿಯಿತು. ಕಷ್ಟದಲ್ಲೂ ಕಷ್ಟವಾದ ಬರಹ ಇಡೀ ದೇಶದಿಂದ ಅಲ್ಲಿಗೆ ಬಂದು ಸೇರುವಂತಾಯಿತು.

ಕನ್ನಡದ ದಾರಿ ಇದಕ್ಕಿಂತ ಕಡಿದು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು ಕೈಜೋಡಿಸಿದ 2009ರ ಒಂದು ಅಕ್ಷರ ಸಂಗ್ರಹದಲ್ಲಿ ಕಾಗುಣಿತ, ಒತ್ತುಗಳೆಲ್ಲ ಸೇರಿ ಕನ್ನಡಕ್ಕೆ 650ಕ್ಕೂ ಹೆಚ್ಚು ಆಕಾರಗಳ ವರ್ಗಗಳು ಬೇಕಾದವು. 2019ರಲ್ಲಿ ವಿನಯ್ ಪ್ರಭು ಬರೀ ಹತ್ತು ಕನ್ನಡ ಅಂಕಿಗಳದ್ದೇ ಒಂದು ದೊಡ್ಡ ಸಂಗ್ರಹ ಹೊರತಂದರು. ಅದಕ್ಕೆ ಅಂಕಿ ಬರೆದುಕೊಟ್ಟವರು ಬೆಂಗಳೂರಿನ ಸ್ವಯಂಸೇವಕರು. ಆ ಕೈಗಳಿಂದ ಕಲಿತ ಯಂತ್ರ ಅಂಥವೇ ಕೈಗಳನ್ನು ಚೆನ್ನಾಗಿ ಓದಿತು. ಕನ್ನಡ ಬಾರದವರಿಂದ ಅಮೆರಿಕದಲ್ಲಿ ಬರೆಸಿದ ಅದೇ ಹತ್ತು ಅಂಕಿಗಳನ್ನು ಮುಂದಿಟ್ಟಾಗ ಅದರ ಸರಿಯುತ್ತರದ ಪ್ರಮಾಣ ದಡಕ್ಕನೆ ಕೆಳಗಿಳಿಯಿತು. ಹತ್ತೇ ಚಿಹ್ನೆ, ಇದೇ ಶತಮಾನ, ಬಿಳಿ ಹಾಳೆ. ಆದರೂ ಕೈ ಬದಲಾದದ್ದೇ ತಡ, ಯಂತ್ರ ಎಡವಿತು. ಐದು ನೂರು ವರ್ಷ ಹಿಂದಿನ ಒಬ್ಬ ಮಠದ ಮರಿಯ ಕೈ ಇದಕ್ಕಿಂತ ಎಷ್ಟು ದೂರದ್ದು!

ಮನುಷ್ಯ ಓದುಗನಿಗೂ ಪರಿಚಯವೇ ಬಂಡವಾಳ, ಆದರೆ ಅವನ ಪರಿಚಯ ಕಣ್ಣಿನದ್ದಷ್ಟೇ ಅಲ್ಲ, ಕಿವಿಯದ್ದೂ ಹೌದು. ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅಲ್ಲಿ ಗರಿಯೇ ಇರಲಿಲ್ಲ. ಬೀಸುವಾಗ ಕುಟ್ಟುವಾಗ ಹಾಡಿದ್ದೇ ಹಸ್ತಪ್ರತಿ. ಭಜನೆಯಲ್ಲಿ, ಶಿವಾನುಭವ ಗೋಷ್ಠಿಯಲ್ಲಿ ವಚನ ಕೇಳಿ ಬೆಳೆದವನಿಗೆ ಮುರಿದ ಗರಿಯ ಅರ್ಧ ಸಾಲು ಕಂಡರೆ ಉಳಿದರ್ಧದ ಲಯ ಕಿವಿಯಲ್ಲಿ ಮೊಳಗುತ್ತದೆ. ಸಿಂದಗಿ, ಮುದ್ದೇಬಿಹಾಳದ ಕಡೆಯ ಒಕ್ಕಲುತನದ ಮಾತು ಬಲ್ಲವನಿಗೆ ‘ಕುಂಟಿ’, ‘ದಿಂಡು’, ‘ಮೇಟಿ’ ಎಂಬ ಪದಗಳು ಅನುಮಾನ ಹುಟ್ಟಿಸುವುದಿಲ್ಲ. ಆ ಬದುಕು ಕಾಣದ ಓದುಗ ಅಲ್ಲಿ ತನಗೆ ಗೊತ್ತಿರುವ ಬೇರೆ ಪದವೊಂದನ್ನು ಕೂರಿಸಿಬಿಡುವ ಅಪಾಯವಿದೆ.

ಹಳೆಯ ಕೈಬರಹ ಓದುವ ತಂತ್ರಾಂಶಗಳಲ್ಲಿ ಇಂದು ಹೆಸರಾದದ್ದು ಆಸ್ಟ್ರಿಯದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಟ್ರಾನ್ಸ್‌ಕ್ರಿಬಸ್’. ಒಂದು ಕೈಯನ್ನು ಕಲಿಸಲು ಅದಕ್ಕೆ ಮನುಷ್ಯರು ಓದಿ ಬರೆದುಕೊಟ್ಟ ಸುಮಾರು 5,000ದಿಂದ 15,000 ಪದ ಬೇಕು. ಆಮೇಲೆ ನೂರು ಅಕ್ಷರಕ್ಕೆ ಐದಕ್ಕಿಂತ ಹೆಚ್ಚು ತಪ್ಪು ಬರದಿದ್ದರೆ ಅದು ಒಳ್ಳೆಯ ಓದು. ದೊಡ್ಡ ದಫ್ತರದಲ್ಲಿ ಒಂದು ಹೆಸರು ಹುಡುಕಲು ಇಷ್ಟು ಧಾರಾಳ ಸಾಕು. 200 ಅಕ್ಷರದ ಒಂದು ವಚನದಲ್ಲಿ ಅದೇ ಲೆಕ್ಕ ಹಿಡಿದರೆ ಹತ್ತು ತಪ್ಪು. ಒಂಬತ್ತು ತಪ್ಪುಗಳು ಅರ್ಥವಿಲ್ಲದ ಅಕ್ಷರಗಳಾಗಿ ತಾವೇ ಸಿಕ್ಕಿಬೀಳಬಹುದು. ಹತ್ತನೆಯದು ಅಚ್ಚುಕಟ್ಟಾದ ಕನ್ನಡ ಪದವಾಗಿ ಕೂತಿದ್ದರೆ ಅದನ್ನು ಹಿಡಿಯುವುದು ಹೇಗೆ?

ಈಚಿನ ತಂತ್ರಾಂಶಗಳು ಅಕ್ಷರದ ಆಕಾರವನ್ನಷ್ಟೇ ನೋಡುವುದಿಲ್ಲ, ಮುಂದೆ ಯಾವ ಪದ ಬರಬಹುದು ಎಂದು ಭಾಷೆಯ ರೂಢಿಯಿಂದ ಊಹಿಸುತ್ತವೆ. ಅದೇ ಅವುಗಳ ಶಕ್ತಿ. ಬೆಡಗಿನ ವಚನದ ಮುಂದೆ ಅದೇ ಅವುಗಳ ದೌರ್ಬಲ್ಯವಾಗುತ್ತದೆ. ಅಲ್ಲಮಪ್ರಭುವಿನ ಬೆಡಗು ಕಟ್ಟಿರುವುದೇ ನಿರೀಕ್ಷೆಯನ್ನು ಒಡೆಯುವುದಕ್ಕೆ. ಹೀಗಾಗಲಾರದು ಎಂದು ಬುದ್ಧಿ ಹೇಳುವ ಕಡೆಯಲ್ಲೇ ಆ ಮಾತು ನಿಲ್ಲುತ್ತದೆ. ರೂಢಿಯಿಂದ ಓದುವ ಯಂತ್ರ ಅಂಥ ಕಡೆ ವಿಚಿತ್ರವಾದ ಪದವನ್ನು ಲಿಪಿಕಾರನ ಕೈತಪ್ಪೆಂದು ಬಗೆದು ಸಾದಾ ಪದವನ್ನು ತಂದಿಡುತ್ತದೆ. ಸಾಲು ಸಲೀಸಾಗುತ್ತದೆ, ಅಲ್ಲಮ ಹೊರಟುಹೋಗುತ್ತಾನೆ. ಗ್ರಂಥಸಂಪಾದನೆ ಮಾಡುವವರು ಇದಕ್ಕೆಂದೇ ಒಂದು ಸೂತ್ರ ಇಟ್ಟುಕೊಂಡಿದ್ದಾರೆ: ಎರಡು ಪ್ರತಿಗಳಲ್ಲಿ ಎರಡು ಪಾಠವಿದ್ದರೆ ಕಷ್ಟದ ಪಾಠವನ್ನೇ ಮೊದಲು ಗೌರವಿಸಬೇಕು, ಏಕೆಂದರೆ ಪ್ರತಿ ಮಾಡುವವರು ಕಷ್ಟದ್ದನ್ನು ಸುಲಭ ಮಾಡುತ್ತಾರೆಯೇ ಹೊರತು ಸುಲಭವಾದದ್ದನ್ನು ಬೇಕೆಂದು ಕಷ್ಟ ಮಾಡುವುದಿಲ್ಲ. ಇಂದಿನ ಯಂತ್ರ ಕಲಿತಿರುವುದು ಈ ಸೂತ್ರದ ತದ್ವಿರುದ್ಧ ದಾರಿಯನ್ನು.

ಹಾಗೆಂದು ಮನುಷ್ಯನ ಓದು ನಿರ್ಮಲವೆಂದು ಹೇಳಲು ಬರುವುದಿಲ್ಲ. ಯಂತ್ರಕ್ಕೆ ರೂಢಿಯ ಪಕ್ಷಪಾತವಿದ್ದರೆ ಮನುಷ್ಯನಿಗೆ ನಂಬಿಕೆಯದ್ದು. ಮಾತೆ ಮಹಾದೇವಿಯವರು 1990ರ ದಶಕದಲ್ಲಿ ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ಅಂಕಿತವಾದ ‘ಕೂಡಲಸಂಗಮದೇವ’ದ ಜಾಗದಲ್ಲಿ ‘ಲಿಂಗದೇವ’ ಬಂತು. ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಅಲ್ಲಿ ಯಾರಿಗೂ ಅಕ್ಷರ ಕಾಣದೆ ಹೋಗಿರಲಿಲ್ಲ. ಗರಿ ಹೇಳುವುದೊಂದು, ಭಕ್ತಿ ಹೇಳುವುದೊಂದು ಆದಾಗ ಭಕ್ತಿಯ ಮಾತು ಗೆದ್ದಿತ್ತು. ಹಳೆಯ ಲಿಪಿಕಾರರಲ್ಲೂ ಇಂಥವರು ಇದ್ದಿರಲೇಬೇಕು. 12ನೆಯ ಶತಮಾನದ ಮಾತು ಇಂದು ಕೈಗೆ ಸಿಗುವುದು ಹೆಚ್ಚಾಗಿ 15ನೆಯ ಶತಮಾನದ ನಂತರದ ಪ್ರತಿಗಳಲ್ಲಿ. ನಡುವಿನ ಎಷ್ಟೋ ಕೈಗಳು ಭಕ್ತಿಯಿಂದ ಏನೇನು ತಿದ್ದಿದವೆಂದು ಹೇಳುವ ಮೂಲಪ್ರತಿ ಇಲ್ಲ.

ನಂಬಿಕೆ ಕಣ್ಣು ಮಬ್ಬು ಮಾಡುತ್ತದೆ ಎಂದಷ್ಟೇ ಹೇಳಿದರೆ ಅದೂ ಅರ್ಧ ಸತ್ಯ. ಕ್ರೈಸ್ತ ಪಾದ್ರಿ ಉತ್ತಂಗಿ ಚೆನ್ನಪ್ಪನವರು ಸರ್ವಜ್ಞನ ತ್ರಿಪದಿಗಳಿಗಾಗಿ ವರ್ಷಗಟ್ಟಲೆ ಹಸ್ತಪ್ರತಿ ಹುಡುಕಿ, ಹೋಲಿಸಿ, 1924ರಲ್ಲಿ ಸಂಪಾದಿಸಿ ಕೊಟ್ಟರು. ಅವರ ಮತ ಬೇರೆ, ಓದಿದ ಶ್ರದ್ಧೆಯಲ್ಲಿ ಕೊರತೆಯಿಲ್ಲ. ಶ್ರದ್ಧೆ ಎಂದರೆ ಇಲ್ಲಿ ಸಿದ್ಧಾಂತವನ್ನು ಒಪ್ಪುವುದಲ್ಲ. ಗರಿಯ ಮೇಲೆ ಇದ್ದದ್ದು ತನಗೆ ಹಿಡಿಸದಿದ್ದರೂ ಇದ್ದ ಹಾಗೆಯೇ ಹೇಳುವ ಗಟ್ಟಿತನ.

ಆ ಗಟ್ಟಿತನಕ್ಕೆ ಬೆಲೆ ತೆತ್ತವರು ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿ. 1938ರಲ್ಲಿ ಗುಬ್ಬೇವಾಡದಲ್ಲಿ ಹುಟ್ಟಿ, ಸಿಂದಗಿ, ವಿಜಯಪುರಗಳಲ್ಲಿ ಓದಿ, ಧಾರವಾಡದಲ್ಲಿ ಹಸ್ತಪ್ರತಿ ಮತ್ತು ಶಾಸನಗಳ ದೊಡ್ಡ ವಿದ್ವಾಂಸರಾದರು. 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ಕ್ಕೆ ಅವರೇ ಪ್ರಧಾನ ಸಂಪಾದಕರು. ನೀಲಾಂಬಿಕೆಯ ವಚನಗಳನ್ನು, ಚನ್ನಬಸವಣ್ಣನ ಹುಟ್ಟಿನ ಕಥೆಯನ್ನು ಅವರು ‘ಮಾರ್ಗ’ದ ಮೊದಲ ಸಂಪುಟದ ಲೇಖನಗಳಲ್ಲಿ ಓದಿದ ರೀತಿ ಸಮುದಾಯದ ಹಲವರಿಗೆ ನೋವು ತಂದಿತು, 1989ರಲ್ಲಿ ಅವರು ಆ ಮಾತುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದು ತನ್ನ ಬೌದ್ಧಿಕ ಆತ್ಮಹತ್ಯೆ ಎಂದು ಅವರು ಹೇಳಿಕೊಂಡರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅವರ ಓದು ಸರಿಯೋ ತಪ್ಪೋ ಎಂದು ವಾದಿಸಬಹುದು, ವಾದಿಸಲೇಬೇಕು. ಆದರೆ ಅದು ಅವರ ಓದಾಗಿತ್ತು. ಅವರ ಹೆಸರು ಅದರ ಕೆಳಗಿತ್ತು, ಪ್ರಶ್ನಿಸಲು ಒಂದು ಬಾಗಿಲಿತ್ತು.

ತಂತ್ರಾಂಶಕ್ಕೆ ಆ ಬಾಗಿಲು ಇಲ್ಲ. ಧಾರ್ಮಿಕ ಪಠ್ಯದ ಮಟ್ಟಿಗೆ ಯಂತ್ರದ ಓದಿಗೂ ಮನುಷ್ಯನ ಓದಿಗೂ ಇರುವ ದೊಡ್ಡ ಅಂತರ ತಪ್ಪಿನ ಸಂಖ್ಯೆಯಲ್ಲಿಲ್ಲ, ಇಲ್ಲಿದೆ. ಪಹಣಿಯಲ್ಲಿ ಹೆಸರು ತಪ್ಪಾಗಿ ಏರಿದರೆ ಇಂಡಿಯ ರೈತ ತಹಶೀಲ್ದಾರರ ಕಚೇರಿಗೆ ಹೋಗಿ ಅರ್ಜಿ ಕೊಡುತ್ತಾನೆ. ಅಲೆದಾಡಿದರೂ ಅರ್ಜಿ ಕೊಡಲು ಒಂದು ಮೇಜು ಇದೆ. ವಚನವೊಂದು ಯಂತ್ರದ ಓದಿನಲ್ಲಿ ತಪ್ಪಾಗಿ ಸಾವಿರ ಕಡೆ ಹರಡಿದರೆ ಯಾರ ಮೇಜಿನ ಮುಂದೆ ನಿಲ್ಲಬೇಕು?

ತಿಳಿಯದ ಕಡೆ ತಿಳಿಯದು ಎನ್ನುವುದನ್ನು ಯಂತ್ರಕ್ಕೆ ಕಲಿಸಬಹುದು ಎಂಬುದಕ್ಕೂ ಒಳ್ಳೆಯ ಉದಾಹರಣೆಗಳಿವೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಇಟಲಿಯ ಹರ್ಕುಲೇನಿಯಂನಲ್ಲಿ ಪಪೈರಸ್ ಸುರುಳಿಗಳ ಒಂದು ಗ್ರಂಥಾಲಯ ಇದ್ದಿಲಾಯಿತು. ಬಿಚ್ಚಿದರೆ ಪುಡಿಯಾಗುವ ಆ ಸುರುಳಿಗಳಲ್ಲಿ ಒಂದನ್ನು ಎಕ್ಸ್-ರೇ ಚಿತ್ರಗಳಿಂದ ಓದಿದ್ದಕ್ಕೆ 2024ರ ಫೆಬ್ರವರಿಯಲ್ಲಿ ಮೂವರು ತರುಣರಿಗೆ 7 ಲಕ್ಷ ಡಾಲರ್ ಬಹುಮಾನ ಬಂತು. ಅವರ ತಂತ್ರಾಂಶಕ್ಕೆ ಗ್ರೀಕ್ ಅಕ್ಷರಗಳನ್ನು ಕಲಿಸಿರಲಿಲ್ಲ. ಚಿತ್ರದ ಒಂದು ಚೂರಿನಲ್ಲಿ ಮಸಿ ಇದೆಯೋ ಇಲ್ಲವೋ ಎಂದು ಹೇಳುವುದಷ್ಟೇ ಅದರ ಕೆಲಸ. ಅಕ್ಷರ ಗೊತ್ತಿದ್ದರೆ ಇಲ್ಲದ ಅಕ್ಷರವನ್ನೂ ಕಾಣುವ ಭಯ. ಚುಕ್ಕೆಗಳನ್ನು ಪದವಾಗಿ ಓದಿದವರು ಪಪೈರಸ್ ವಿದ್ವಾಂಸರು. ಸಿಕ್ಕಿದ್ದು ಸುಖ ಎಂದರೇನು ಎಂದು ಕೇಳುವ ಎಪಿಕ್ಯೂರಸ್ ಪಂಥದ ತತ್ವಗ್ರಂಥ.

ಇನ್ನೊಂದು, ಮುರಿದ ಗ್ರೀಕ್ ಶಾಸನಗಳ ಕಳೆದುಹೋದ ಭಾಗ ತುಂಬಲು ಡೀಪ್‌ಮೈಂಡ್ ಸಂಸ್ಥೆ ಮತ್ತು ವಿದ್ವಾಂಸರು 2022ರಲ್ಲಿ ಮಾಡಿದ ‘ಇಥಾಕಾ’. ಅವರ ಪರೀಕ್ಷೆಯಲ್ಲಿ ಇತಿಹಾಸಜ್ಞರು ತಾವೇ ಓದಿದಾಗ ಶೇ 25, ಯಂತ್ರ ತಾನೇ ಓದಿದಾಗ ಶೇ 62, ಯಂತ್ರ ಮುಂದಿಟ್ಟ ಹಲವು ಸಾಧ್ಯತೆಗಳಲ್ಲಿ ಇತಿಹಾಸಜ್ಞರು ಆರಿಸಿದಾಗ ಶೇ 72 ಸರಿಯಾಯಿತು. ಅದು ಒಂದೇ ಉತ್ತರ ಹೇಳಿ ಸುಮ್ಮನಾಗದೆ, ಇದಾಗಿರಬಹುದು, ಅದೂ ಆಗಿರಬಹುದು, ಇದಕ್ಕೆ ಇಷ್ಟು ಸಂಭವ ಎಂದು ಸಾಲಾಗಿ ತೋರಿಸಿತು. ಇದು ಕನ್ನಡ ಸಂಪಾದಕರು ಪುಟದ ಅಡಿಯಲ್ಲಿ ಪಾಠಾಂತರ ಕೊಡುವ ಪದ್ಧತಿಗೆ ಹತ್ತಿರದ ಸಂಬಂಧಿ.

ಶರಣರ ಅಳತೆಗೋಲು ಹಿಡಿದರೆ ಈ ಶೇಕಡಾವಾರುಗಳೂ ಪೂರ್ತಿ ಉತ್ತರವಲ್ಲ. ಅವರಿಗೆ ಓದು ಮುಗಿಯುವುದು ಅಕ್ಷರದಲ್ಲಲ್ಲ, ನಡೆಯಲ್ಲಿ. ಅರಿವು ಆಚಾರವಾಗದಿದ್ದರೆ ಅದು ಬಾಯಿಪಾಠ. ಆ ಲೆಕ್ಕದಲ್ಲಿ ಯಂತ್ರ ವಚನವನ್ನು ಎಂದೂ ಓದಲಾರದು, ಏಕೆಂದರೆ ಅದಕ್ಕೆ ನಡೆಯಿಲ್ಲ. ಇದನ್ನು ಹೇಳುವಾಗ ಒಂದು ಎಚ್ಚರವೂ ಬೇಕು: ಇದೇ ಲೆಕ್ಕಕ್ಕೆ ಹಚ್ಚಿದರೆ ವಚನ ಬಲ್ಲ ಪಂಡಿತರಲ್ಲೂ ಬಹಳ ಮಂದಿ ಓದಿದವರ ಪಟ್ಟಿಯಿಂದ ಹೊರಗೆ ಬೀಳುತ್ತಾರೆ. ಯಂತ್ರವನ್ನು ಹೀಗಳೆಯಲು ಈ ಮಾತನ್ನು ಬಳಸುವುದು ಶರಣರಿಗೆ ನ್ಯಾಯವಲ್ಲ. ಅದು ಎಲ್ಲ ಓದುಗರಿಗೂ ಹಾಕಿದ ಪ್ರಶ್ನೆ. ಆದರೆ ಮಾತಿಗೆ ತಾನು ಬದ್ಧನೆಂದು ಒಪ್ಪಿಕೊಳ್ಳುವ ಸಾಧ್ಯತೆಯಾದರೂ ಮನುಷ್ಯನಿಗಿದೆ. ಬೇಡವೆಂದರೂ ಆ ಸಾಧ್ಯತೆ ಅವನನ್ನು ಬಿಡುವುದಿಲ್ಲ.

ಹಳೆಯ ಲಿಪಿಕಾರರಿಗೆ ಇದು ಗೊತ್ತಿತ್ತು. ಎಷ್ಟೋ ಕಟ್ಟುಗಳ ಕೊನೆಯ ಗರಿಯಲ್ಲಿ ಬರೆದವನ ಹೆಸರು, ಯಾರಿಗಾಗಿ ಬರೆದದ್ದು, ಯಾವ ಸಂವತ್ಸರ, ಯಾವ ತಿಥಿ ಎಂಬ ವಿವರ ಸಿಗುತ್ತದೆ. ಬೆನ್ನು ಬಾಗಿ, ಕತ್ತು ಬಗ್ಗಿಸಿ, ಕಷ್ಟಪಟ್ಟು ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ಮನ್ನಿಸಿ ತಿದ್ದಿಕೊಳ್ಳಬೇಕು ಎಂಬ ಬಿನ್ನಹವೂ ಇರುತ್ತದೆ. ಆ ಬಿನ್ನಹ ಬರೀ ಔಪಚಾರಿಕವೆಂದು ದಾಟಿಹೋಗುವುದು ವಾಡಿಕೆ. ಅಲ್ಲಿ ಒಬ್ಬ ಮನುಷ್ಯ ತನ್ನ ಕೈಯ ತಪ್ಪನ್ನು ಒಪ್ಪಿ, ಮುಂದಿನವನ ಕೈಗೆ ತಿದ್ದುವ ಅಧಿಕಾರ ಕೊಡುತ್ತಿದ್ದಾನೆ. ಕಲ್ಯಾಣದಲ್ಲಿ ವಚನಗಳನ್ನು ಕಾಪಿಟ್ಟವನೆಂದು ಪರಂಪರೆ ಹೇಳುವ ವಚನಭಂಡಾರಿ ಶಾಂತರಸನ ಹೆಸರು ಉಳಿದದ್ದೂ ಇದೇ ಕಾರಣಕ್ಕೆ. ಕಾಯುವ ಕೆಲಸಕ್ಕೆ ಹೆಸರಿರುವ ಒಬ್ಬ ಕಾವಲುಗಾರ ಬೇಕಿತ್ತು.

ಆದ್ದರಿಂದ ಯಂತ್ರ ಬೇಡವೆನ್ನುವುದು ತಪ್ಪು ತೀರ್ಮಾನ. ಬಿಡಿಸಿ ಓದುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಗೆದ್ದಲು ಕಾಯುವುದಿಲ್ಲ. ಕಟ್ಟುಗಳ ಚಿತ್ರ ತೆಗೆಯಲಿ, ಯಂತ್ರ ಮೊದಲ ಓದು ಓದಲಿ. ಯಾವ ಅಕ್ಷರದಲ್ಲಿ ತನಗೆ ಅನುಮಾನವೆಂದು ಅದು ತೋರಿಸಲಿ, ಕಾಣದ ಕಡೆ ಚುಕ್ಕೆ ಬಿಡಲಿ. ಆ ಓದಿನ ಕೆಳಗೆ ಅದನ್ನು ಗರಿಯೊಡನೆ ಹೋಲಿಸಿ ನೋಡಿದ ಒಬ್ಬರ ಹೆಸರು ಇರಲಿ, ಮೂಲ ಗರಿಯ ಚಿತ್ರ ಎಲ್ಲರಿಗೂ ಸಿಗುವಂತಿರಲಿ. ಹೆಸರಿಲ್ಲದ ಯಂತ್ರಪಾಠವನ್ನು ವಚನವೆಂದು ಪೂಜೆಗೋ ಪಠ್ಯಪುಸ್ತಕಕ್ಕೋ ಇಳಿಸಬಾರದು. ಹಸ್ತಪ್ರತಿ ಓದುವುದನ್ನು ವಿಜಯಪುರ, ಸಿಂದಗಿ, ಮುದ್ದೇಬಿಹಾಳದ ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ ಕಲಿಸುವುದು ಇದರ ಮೊದಲ ಖರ್ಚು, ಕಂಪ್ಯೂಟರು ಎರಡನೆಯದು.

ಓದಲು ಕಲಿಸುವುದೇ ಏಕೆ ಮೊದಲ ಖರ್ಚು ಎಂದು ತಿಳಿಯಲು ಮುದ್ದೇಬಿಹಾಳದ ನೆರೆಯ ಯಾದಗಿರಿ ಜಿಲ್ಲೆಯ ಕೊಡೇಕಲ್ಲನ್ನು ನೋಡಬೇಕು. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನದ ಹಸ್ತಪ್ರತಿಗಳಲ್ಲಿ ‘ಅಮರಗನ್ನಡ’ ಎಂಬ ಬೇರೆಯೇ ಲಿಪಿಯಿದೆ, ಪಂಥದವರು ತಮ್ಮವರಿಗಷ್ಟೇ ತಿಳಿಯಲೆಂದು ಬಳಸಿದ್ದು. ಅದನ್ನು ಸರಾಗವಾಗಿ ಓದುವವರು ತೀರ ಕಡಿಮೆ. ಯಂತ್ರಕ್ಕೆ ಕಲಿಸಲು ಬೇಕಾದ 5,000 ಪದಗಳನ್ನು ಅವರಲ್ಲಿ ಯಾರಾದರೂ ಗರಿ ಬಿಚ್ಚಿ, ಓದಿ, ಸಾಲು ಸಾಲಾಗಿ ಬರೆದುಕೊಡುವವರೆಗೆ ಯಾವ ತಂತ್ರಾಂಶಕ್ಕೂ ಅಲ್ಲಿ ಒಂದು ಅಕ್ಷರವೂ ಕಾಣುವುದಿಲ್ಲ.